ಮರಕುಟಿಗ ನಲ್ಲಿಯಾದ ಪ್ರಸಂಗ

ಎಲ್ಲಕ್ಕೂ ಕಾರಣ ಆ ಕೊಕ್ಕು. ಅದೊಂದು ನೆಟ್ಟಗಿದ್ದಿದ್ದರೆ ಹಕ್ಕಿ ಹಕ್ಕಿಯಾಗಿಯೇ ಉಳಿಯುತ್ತಿತ್ತು, ನಮ್ಮ ಡಿಸೈನರ್‌ನ ಮಾನವೂ ಉಳಿಯುತ್ತಿತ್ತು.

ಡಿಸೈನರ್ ಎಂದ ಕೂಡಲೇ ನೀವು ಏನೇನೋ ಕಲ್ಪನೆ ಮಾಡಿಕೊಳ್ಳುವುದು ಬೇಡ. ಬಸ್ ನಿಲ್ದಾಣದ ಹಿಂದಿನ ರಸ್ತೆಯ ಪ್ರಿಂಟಿಂಗ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಬೇಕರಿ ಚೀಲ, ಕೆಮ್ಮಿನ ಔಷಧಿಯ ಲೇಬಲ್, ಟ್ಯೂಷನ್ ಬೋರ್ಡು, ಕಾಣೆಯಾದ ನಾಯಿಯ ಪೋಸ್ಟರು ಇವನ್ನೆಲ್ಲ ಮಾಡಿಕೊಡುವವನು. ಊರಿನಲ್ಲಿ ಅವನ ಕೈಕೆಲಸ ಮುಟ್ಟದವರಿಲ್ಲ. ಮುಟ್ಟಿ, ಮುದುರಿ, ಎಸೆಯದವರೂ ಇಲ್ಲ. ಆದರೆ ಅದರ ಮೇಲೆ ಎಲ್ಲೂ ಅವನ ಹೆಸರಿರುವುದಿಲ್ಲ. ಕೆಳಗಿನ ಮೂಲೆಯಲ್ಲಿ ಅಂಗಡಿಯ ಹೆಸರು, ಪಕ್ಕದಲ್ಲಿ ಅಂಗಡಿಯ ಫೋನ್ ನಂಬರು, ಅಷ್ಟೆ. ತಾನು ಮಾಡಿದ ಯಾವುದಾದರೂ ಒಂದು ವಸ್ತುವಿನ ಜೊತೆ ತನ್ನ ಹೆಸರನ್ನು, ಇನಿಷಿಯಲ್ ಸಮೇತ, ನಾಲ್ಕು ಜನರ ಎದುರು ಒಂದು ಸಲ ಕೇಳಬೇಕು ಎನ್ನುವುದು ಅವನ ಜೀವಮಾನದ ಆಸೆ. ಹೆಂಡತಿಗೂ ಹೇಳಿರಲಿಲ್ಲ. ಹೇಳಲು ನಾಚಿಕೆ.

ಕೆಲವು ತಿಂಗಳ ಹಿಂದೆ ಊರಿನ ಫುಟ್‌ಬಾಲ್ ಕ್ಲಬ್ಬಿನವರು ಅಂಗಡಿಗೆ ಬಂದು ತಂಡಕ್ಕೆ ಹೊಸ ಲಾಂಛನ ಬೇಕು ಎಂದಾಗ ಆ ಆಸೆಗೆ ಜೀವ ಬಂತು. ತಂಡದ ಹೆಸರು ಮರಕುಟಿಗರು. ಡಿಸೈನರ್ ಚಡ್ಡಿ ಹಾಕುವ ಕಾಲದಿಂದ ಅದರ ಅಭಿಮಾನಿ. ಊಟ ನಿದ್ದೆ ಬಿಟ್ಟು ಒಂದು ಹಕ್ಕಿ ಬರೆದ. ಮರದ ಕಾಂಡವನ್ನು ಅವುಚಿಕೊಂಡು, ತಲೆ ಹಿಂದಕ್ಕೆ ಎತ್ತಿ, ಇನ್ನೇನು ಕುಟ್ಟಬೇಕು ಎನ್ನುವ ಕ್ಷಣದ ಮರಕುಟಿಗ. ಕೆಂಪು ಜುಟ್ಟು, ಚೂಪು ಕೊಕ್ಕು, ಸುತ್ತ ಧಾರಾಳವಾಗಿ ಖಾಲಿ ಜಾಗ. ಬರೆದು ಮುಗಿಸಿದಾಗ ಅವನಿಗೇ ಕಣ್ಣು ಒದ್ದೆಯಾಯಿತು.

ಆಗ ಮಾಲೀಕರು ಕುರ್ಚಿಯ ಹಿಂದೆ ಬಂದು ನಿಂತರು. ಅವರು ಬಂದದ್ದು ತಿಳಿಯಲು ತಿರುಗಿ ನೋಡಬೇಕಿಲ್ಲ. ಮೊದಲು ಹೊಟ್ಟೆ ಕುರ್ಚಿಗೆ ತಾಗುತ್ತದೆ, ಆಮೇಲೆ ಬೆರಳು ಸ್ಕ್ರೀನಿಗೆ ತಾಗುತ್ತದೆ.

"ಚೆನ್ನಾಗಿದೆ ಕಣಯ್ಯ. ಒಂದೇ ಒಂದು ಸಣ್ಣ ಬದಲಾವಣೆ. ಈ ಕೊಕ್ಕು ಲೋಗೋ ಸುತ್ತಿನ ಉಂಗುರದಿಂದ ಆಚೆ ಹೋಗ್ತಿದೆಯಲ್ಲ, ಸ್ವಲ್ಪ ಕೆಳಗೆ ಬಗ್ಗಿಸು."

ಬಗ್ಗಿಸಿದ. ಮರುದಿನ ಇನ್ನೊಂದು ಸಣ್ಣ ಬದಲಾವಣೆ. ಜುಟ್ಟು ಕೆದರಿದ ಹಾಗಿದೆ, ಚಪ್ಪಟೆ ಮಾಡಿ ಅಡ್ಡಕ್ಕೆ ಇಡು. ಅದರ ಮರುದಿನ, ಹೊಟ್ಟೆಯೊಳಗೊಂದು ಫುಟ್‌ಬಾಲ್ ಇರಲಿ. "ಸುತ್ತ ಖಾಲಿ ಯಾಕೆ ಬಿಟ್ಟಿದೀಯ? ಕಾಗದ ಪೂರ್ತಿ ನಮ್ಮದೇ ತಾನೆ?" ಎಂದು ಹಕ್ಕಿಯನ್ನು ನಾಲ್ಕೂ ಕಡೆಗೆ ಊದಿಸಿದರು. ಕಾಂಡಕ್ಕೆ ಜಾಗ ಸಾಲದೆ ಅದು ಹೋಯಿತು. ಡಿಸೈನರ್ ಮೊದಲು ವಾದಿಸಿದ, ಆಮೇಲೆ ಬೇಡಿಕೊಂಡ, ಕೊನೆಗೆ ಸುಮ್ಮನಾದ. ತನ್ನ ಮೊದಲಿನ ಹಕ್ಕಿಯನ್ನು ಕಂಪ್ಯೂಟರಿನ ಒಂದು ಮೂಲೆಯಲ್ಲಿ ಎತ್ತಿಟ್ಟು, ಒಂದು ಪ್ರತಿಯನ್ನು ಫೋನಿಗೂ ಹಾಕಿಕೊಂಡ. ಹೊಸದನ್ನು ದಿನವೂ ನೋಡಿ ನೋಡಿ, ಇದೂ ಹಕ್ಕಿಯೇ ಎಂದು ಅವನ ಕಣ್ಣು ಒಪ್ಪಿಕೊಂಡುಬಿಟ್ಟಿತ್ತು.

ಕ್ಲಬ್ಬಿನ ಷರತ್ತು ಒಂದೇ. ಲಾಂಛನ ಹೊರಬೀಳುವ ದಿನದವರೆಗೆ ಯಾರು ಬರೆದರೆಂದು ಯಾರಿಗೂ ತಿಳಿಯಬಾರದು. ಆ ದಿನ ಸಂಜೆಯ ಪಂದ್ಯದ ಹಾಫ್ ಟೈಮಿನಲ್ಲಿ ಕಲಾವಿದನನ್ನು ಮೈದಾನದ ನಡುವೆ ಕರೆಸಿ ಮೈಕಿನಲ್ಲಿ ಹೆಸರು ಹೇಳುತ್ತಾರೆ. "ನಿನ್ನ ಹೆಸರೇ ಕೂಗಿಸ್ತೀನಿ, ಯೋಚನೆ ಮಾಡಬೇಡ," ಎಂದು ಮಾಲೀಕರು ಮಾತು ಕೊಟ್ಟಿದ್ದರು.

ಆ ದಿನ ಬಂತು. ಡಿಸೈನರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೊಸ ಮದುಮಗನ ಹಾಗೆ ತಿಂಡಿಗೆ ಕೂತ. ಎದುರಿಗೆ ಭಾವಮೈದ ಫೋನ್ ಹಿಡಿದು ಕೂತಿದ್ದ. ಈ ಭಾವಮೈದ ಕೆಲಸ ಹುಡುಕುವ ನೆಪದಲ್ಲಿ ಅಕ್ಕನ ಮನೆಗೆ ಬಂದವನು, ಅಭಿಮಾನಿಗಳ 'ಮರಕುಟಿಗ ಭಕ್ತ ಬಳಗ' ಎಂಬ ಗ್ರೂಪಿಗೆ ಅಡ್ಮಿನ್ ಆಗಿ ಅದನ್ನೇ ಕೆಲಸ ಮಾಡಿಕೊಂಡಿದ್ದ.

"ಅಯ್ಯಯ್ಯೋ! ಭಾವ, ಲೋಗೋ ಬಂತು! ಇದೇನು ಭಾವ ಇದು?"

"ಏನು?" ಎಂದ ಡಿಸೈನರ್, ಏನೂ ತಿಳಿಯದವನಂತೆ.

"ಯಾವನೋ ನಮ್ಮ ತಂಡಕ್ಕೆ ನಲ್ಲಿ ಬರೆದುಕೊಟ್ಟಿದಾನೆ!"

ಹೆಂಡತಿ ಅಡುಗೆಮನೆಯಿಂದ ಬಂದು ಬಗ್ಗಿ ನೋಡಿದಳು. "ಹೌದು ಕಣ್ರೀ, ನಲ್ಲಿನೇ. ನೋಡಿ, ಇದು ತಿರುಗಿಸೋ ಹಿಡಿ, ಇಲ್ಲಿಂದ ನೀರು ಬರುತ್ತೆ. ನಮ್ಮ ಬಚ್ಚಲುಮನೇದು ಇದಕ್ಕಿಂತ ಚೆನ್ನಾಗಿದೆ."

ಡಿಸೈನರ್ ನೋಡಿದ. ಇಷ್ಟು ದಿನ ಕಾಣದ್ದು ಈಗ ಥಟ್ಟನೆ ಕಂಡಿತು. ಬಗ್ಗಿದ ಕೊಕ್ಕು, ಅಡ್ಡ ಮಲಗಿದ ಜುಟ್ಟು, ಉಬ್ಬಿದ ಹೊಟ್ಟೆ. ಸಾಕ್ಷಾತ್ ನಲ್ಲಿ. ಬಾಯಲ್ಲಿದ್ದ ತುತ್ತು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಪ್ಲಂಬರ್ ಕೈಯಲ್ಲಿ ಸ್ಪ್ಯಾನರ್ ಹಿಡಿದು ಒಳಗೆ ನುಗ್ಗಿದ. ಅವನೂ ಬಳಗದ ಕಟ್ಟಾ ಸದಸ್ಯ.

"ನೋಡಿದ್ರಾ ಸ್ವಾಮಿ? ನನಗೆ ಬೇಜಾರು ಹಕ್ಕಿದಲ್ಲ, ನಲ್ಲೀದು. ಇಪ್ಪತ್ತು ವರ್ಷದಿಂದ ನಲ್ಲಿ ಹಾಕ್ತಿದೀನಿ, ಇಂಥ ಕೆಟ್ಟ ನಲ್ಲಿ ನಾನು ಯಾರ ಮನೆಗೂ ಹಾಕಿಲ್ಲ!"

"ಇದನ್ನ ಬರೆದವನು ಯಾರು ಅಂತ ಇವತ್ತು ಪತ್ತೆ ಮಾಡ್ತೀನಿ," ಎಂದ ಭಾವಮೈದ. "ಸಿಕ್ಕಿದ ದಿನವೇ ಅವನಿಗೊಂದು ನಲ್ಲಿ ಕಾಣಿಕೆ."

"ನನ್ನ ಹತ್ರ ಹಳೇ ಹಿತ್ತಾಳೆ ನಲ್ಲಿ ಇದೆ, ಕೈಯಷ್ಟು ದಪ್ಪ. ಅವನ ಹೆಸರನ್ನೂ ನಾನೇ ಕೆತ್ತಿ ಕೊಡ್ತೀನಿ," ಎಂದು ಪ್ಲಂಬರ್ ಉತ್ಸಾಹ ತೋರಿಸಿದ. "ಸ್ವಾಮಿ, ನೀವೂ ಇದೇ ಲೈನಿನಲ್ಲಿರೋರು. ಯಾರಿರಬಹುದು ಅಂತೀರಿ?"

"ನನಗೇನು ಗೊತ್ತು? ದೊಡ್ಡ ಊರಿನವನು ಯಾರೋ ಇರಬೇಕು," ಎಂದು ಹೇಳಿ ಡಿಸೈನರ್ ಊಟದ ಡಬ್ಬಿ ಮರೆತು ಮನೆ ಬಿಟ್ಟ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಫೋನಿನಲ್ಲಿ ಹೊಸ ಖಾತೆ ತೆರೆದ. ಹೆಸರು 'ಒಂಟಿ ಕೊಕ್ಕು'. ಬಳಗದೊಳಗೆ ಹೋಗಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಬರೆದ: "ಮಿತ್ರರೇ, ಸ್ವಲ್ಪ ತಾಳ್ಮೆಯಿಂದ ನೋಡೋಣ. ಆ ಕತ್ತಿನ ಬಾಗಿನಲ್ಲಿ ವಿನಯವಿದೆ."

ಬಸ್ಸು ಮುಂದಿನ ನಿಲ್ದಾಣ ಮುಟ್ಟುವುದರೊಳಗೆ ಜನ ಮುಗಿಬಿದ್ದರು. "ಬರೆದವನ ಅಣ್ಣನಾ ನೀನು?" "ಕ್ಲಬ್ಬಿನವರು ಎಷ್ಟು ಕೊಟ್ರು?" "ಇವನೇ ಬರೆದಿರಬೇಕು, ಹಿಡೀರಿ!" ಕೊನೆಯದು ಭಾವಮೈದನದು. ಡಿಸೈನರ್ ಬೆವತುಹೋದ. ತಪ್ಪಿಸಿಕೊಳ್ಳಬೇಕು, ಅಷ್ಟೇ ಅವನ ತಲೆಯಲ್ಲಿದ್ದದ್ದು. ಬೆರಳು ತಾನಾಗಿ ಓಡಿತು: "ಸರಿ, ಸೋತೆ. ಇದು ನಲ್ಲಿಯೇ. ನಮ್ಮ ಡಿಫೆನ್ಸ್‌ಗೆ ಸರಿಯಾಗಿ ಹೊಂದುತ್ತದೆ. ಎಷ್ಟು ತಿರುಗಿಸಿದರೂ ಸೋರುವುದು ನಿಲ್ಲುವುದಿಲ್ಲ."

ಆಮೇಲೆ ನಗೆಯ ಮಳೆ. ಫೋನು ಕೈಯಲ್ಲಿ ಗುಂಯ್‌ಗುಡುತ್ತಲೇ ಇತ್ತು. "ಭಲೇ ಒಂಟಿ ಕೊಕ್ಕು!" "ಯಾರಪ್ಪಾ ನೀನು, ಇಷ್ಟು ದಿನ ಎಲ್ಲಿದ್ದೆ?" ಎದುರಾಳಿ ಗೂಳಿ ತಂಡದ ಅಭಿಮಾನಿಗಳು ಕೂಡ ಅದನ್ನು ತಮ್ಮ ಗ್ರೂಪಿಗೆ ಎತ್ತಿಕೊಂಡು ಹೋಗಿ, "ಸಂಜೆ ಎಲ್ಲರೂ ಬಕೆಟ್ ತನ್ನಿ" ಎಂದು ಸಾರಿದರು.

ಇಷ್ಟು ವರ್ಷ ಲೇಬಲ್ ಬರೆದಾಗ ಒಬ್ಬನೂ ಚೆನ್ನಾಗಿದೆ ಎಂದಿರಲಿಲ್ಲ. ಈಗ ತನ್ನದೇ ಹಕ್ಕಿಯ ಮೇಲೆ ಉಗಿದದ್ದಕ್ಕೆ ಊರೆಲ್ಲ ಹೊಗಳುತ್ತಿದೆ. ಡಿಸೈನರ್‌ಗೆ ಅಳು ಬಂತು, ಜೊತೆಗೆ ಖುಷಿಯೂ ಆಯಿತು. ಖುಷಿ ಸ್ವಲ್ಪ ಜಾಸ್ತಿಯೇ ಆಯಿತು. ಇಳಿಯುವ ನಿಲ್ದಾಣ ದಾಟಿಹೋದದ್ದು ಗೊತ್ತಾಗಲಿಲ್ಲ.

ಅಂಗಡಿಯಲ್ಲಿ ಮಾಲೀಕರು ಕೆಂಡವಾಗಿದ್ದರು. "ಯಾವನಯ್ಯಾ ಅವನು ಒಂಟಿ ಕೊಕ್ಕು? ನಮ್ಮ ಅನ್ನಕ್ಕೆ ಮಣ್ಣು ಹಾಕ್ತಿದಾನೆ! ಕೂತ್ಕೋ. ನಾಲ್ಕೈದು ಬೇರೆ ಬೇರೆ ಹೆಸರಲ್ಲಿ ಲೋಗೋನ ಹೊಗಳು."

ಹೀಗೆ ಡಿಸೈನರ್ ಅಂಗಡಿಯ ಕಂಪ್ಯೂಟರಿನಲ್ಲಿ 'ನಿವೃತ್ತ ಗೋಲ್‌ಕೀಪರ್' ಎಂಬ ಹೆಸರಿನಿಂದ ಬರೆದ: "ಹಲವು ವರ್ಷ ಈ ತಂಡಕ್ಕೆ ಆಡಿದವನು ನಾನು. ಈ ಲಾಂಛನ ಕಂಡು ಕಣ್ಣಲ್ಲಿ ನೀರು ಬಂತು." ಮೇಜಿನ ಕೆಳಗೆ ಫೋನು ಹಿಡಿದು ಒಂಟಿ ಕೊಕ್ಕಿನಿಂದ ಉತ್ತರಿಸಿದ: "ನಮಗೂ ಬಂತು ಸಾರ್. ವಾಷರ್ ಹೋಗಿದೆ." 'ಒಬ್ಬ ತಾಯಿ' ಎಂಬ ಹೆಸರಿನಿಂದ, ಹಕ್ಕಿಯ ಹೊಟ್ಟೆಯಲ್ಲಿ ಮಗುವಿನಂತೆ ಚೆಂಡಿದೆ ಎಂದು ಬರೆದ. ಒಂಟಿ ಕೊಕ್ಕು ಕೂಡಲೇ ಕುಟ್ಟಿತು: "ಅದು ಹಕ್ಕಿಯ ಹೊಟ್ಟೆಯಲ್ಲ ತಾಯಿ. ಬರೆಸಿದ ಅಂಗಡಿಯವನು ಕನ್ನಡಿ ಮುಂದೆ ನಿಂತು ಅಳತೆ ಕೊಟ್ಟಿರಬೇಕು."

ಇದನ್ನು ಕಳಿಸಿದ ಮೇಲೆ ಅವನು ಅಳಿಸಲು ನೋಡಿದ. ಆದರೆ ಬಿಟ್ಟ ಬಾಣ. ನಗುವವರು ನಕ್ಕು ನಕ್ಕು ಊರಿಗೆಲ್ಲ ಹಂಚಿಯಾಗಿತ್ತು. ಪಕ್ಕದ ಕೋಣೆಯಿಂದ ಮಾಲೀಕರು ಓದಿದ ಸದ್ದು ಕೇಳಿಸಿತು. ಆಮೇಲೆ ಅವರು ಕನ್ನಡಿ ಇರುವ ಕಡೆ ನಡೆದ ಸದ್ದೂ ಕೇಳಿಸಿತು.

ಮಧ್ಯಾಹ್ನದ ಹೊತ್ತಿಗೆ ಕ್ಲಬ್ಬಿನ ಕಾರ್ಯದರ್ಶಿ ಪ್ರಕಟಣೆ ಹೊರಡಿಸಿದರು. ಒಂಟಿ ಕೊಕ್ಕು ಯಾರೆಂದು ಪತ್ತೆಹಚ್ಚಿ ಕಾನೂನು ಕ್ರಮ ತೆಗೆದುಕೊಳ್ಳುತ್ತೇವೆ ಎಂದು. ಬಳಗದವರಿಗೆ ರೋಷ ಉಕ್ಕಿತು. ಅವರಲ್ಲೊಂದು ಪದ್ಧತಿಯಿದೆ. ತಮ್ಮವನೊಬ್ಬನಿಗೆ ಆಪತ್ತು ಬಂದರೆ ಎಲ್ಲರೂ ಅವನ ಹೆಸರನ್ನೇ ಇಟ್ಟುಕೊಳ್ಳುವುದು. ಭಾವಮೈದ ಕರೆ ಕೊಟ್ಟದ್ದೇ ತಡ, ಸಾವಿರಾರು ಸದಸ್ಯರು ತಂತಮ್ಮ ಖಾತೆಗೆ 'ಒಂಟಿ ಕೊಕ್ಕು' ಎಂದು ಹೆಸರಿಟ್ಟರು. ಪ್ಲಂಬರ್ ಒಂಟಿ ಕೊಕ್ಕಾದ. ಡಿಸೈನರ್‌ನ ಹೆಂಡತಿಯೂ ತಮ್ಮನ ಒತ್ತಾಯಕ್ಕೆ ಒಂಟಿ ಕೊಕ್ಕಾದಳು. "ಈಗ ಹುಡುಕಲಿ ನೋಡೋಣ!" ಎಂದು ಒಂಟಿ ಕೊಕ್ಕು ಬರೆದರೆ, "ಸೂಪರ್ ಗುರು" ಎಂದು ಒಂಟಿ ಕೊಕ್ಕು ಉತ್ತರಿಸಿತು.

ಡಿಸೈನರ್‌ನ ಬೆರಳು ಆ ಸಾಲು ಸಾಲು ಹೆಸರುಗಳನ್ನು ಸರಿಸುತ್ತ ಹೋಯಿತು. ತನಗಾಗಿ ಇಷ್ಟು ಜನ! ಆ ಹುರುಪಿನಲ್ಲಿ, ಹೋದರೆ ಹೋಗಲಿ ಎಂದು, ಫೋನಿನಲ್ಲಿದ್ದ ತನ್ನ ಮೊದಲಿನ ಹಕ್ಕಿಯನ್ನು ತೆಗೆದು ಬಳಗಕ್ಕೆ ಹಾಕಿಬಿಟ್ಟ. ಕೆಳಗೆ ಒಂದೇ ಸಾಲು: "ಮರಕುಟಿಗ ಎಂದರೆ ಇದು."

ಈ ಸಲ ಯಾರೂ ನಗಲಿಲ್ಲ. ಚಿತ್ರ ಊರೆಲ್ಲ ಹರಿದಾಡಿತು. ಬೈಕುಗಳಿಗೆ ಅಂಟಿತು, ಚಹಾದಂಗಡಿಯ ಗೋಡೆಗೆ ಬಂತು. ಗೂಳಿ ತಂಡದವನೊಬ್ಬ, "ಹೊಟ್ಟೆ ಉರಿಯುತ್ತಿದೆ, ಆದರೂ ಚೆನ್ನಾಗಿದೆ" ಎಂದು ಒಪ್ಪಿಕೊಂಡ. ಸ್ವಲ್ಪ ಹೊತ್ತಿಗೆ ಕ್ಲಬ್ಬು ಬೆಳಗಿನಿಂದಲೂ ತಾನು ಅದನ್ನೇ ಹೇಳುತ್ತಿತ್ತು ಎಂಬಂತೆ ಹೊಸ ಪ್ರಕಟಣೆ ಹೊರಡಿಸಿತು: ಅಭಿಮಾನಿಗಳ ದನಿಯೇ ನಮ್ಮ ದನಿ. ಇನ್ನು ಮುಂದೆ ಈ ಹಕ್ಕಿಯೇ ನಮ್ಮ ಲಾಂಛನ. ಮಾನ್ಯ ಒಂಟಿ ಕೊಕ್ಕು ಅವರು ಸಂಜೆ ಹಾಫ್ ಟೈಮಿನಲ್ಲಿ ಮೈದಾನಕ್ಕೆ ಬಂದು ಗೌರವ ಸ್ವೀಕರಿಸಬೇಕು.

ಹೊಟ್ಟೆ ಕುರ್ಚಿಗೆ ತಾಗಿತು. ಡಿಸೈನರ್ ತನ್ನ ಫೋನನ್ನು ಮೇಜಿನ ಕೆಳಗೆ ಸರಿಸಿದ. ಮಾಲೀಕರು ತಮ್ಮ ಫೋನಿನಲ್ಲಿದ್ದ ಹಕ್ಕಿಯನ್ನು ಅವನ ಮೂಗಿನ ಮುಂದೆ ಹಿಡಿದರು.

"ನೋಡು. ಕಣ್ಣು ಬಿಟ್ಟು ನೋಡು. ಇದಪ್ಪ ಕಲೆ ಅಂದ್ರೆ! ಸುತ್ತ ಖಾಲಿ ಜಾಗ ಹೇಗೆ ಬಿಟ್ಟಿದಾನೆ ನೋಡು. ನೀನೂ ಇದೀಯ!"

"ಸಾರ್, ಅದು..."

"ಮಾತಾಡಬೇಡ. ಇಂಥವನೊಬ್ಬ ನನ್ನ ಅಂಗಡೀಲಿ ಇದ್ದಿದ್ರೆ!" ಎಂದು ನಿಟ್ಟುಸಿರು ಬಿಟ್ಟು ಮಾಲೀಕರು ಚಿತ್ರವನ್ನೇ ನೋಡುತ್ತ ನಿಂತರು. ಯಾವ ಚಿತ್ರ ಕಂಡರೂ ಬೆರಳಿಡದೆ ಬಿಡದ ಮನುಷ್ಯ ಈ ಸಲ ಬೆರಳಿಡಲಿಲ್ಲ. ಆಮೇಲೆ ಬಹಳ ಮೃದುವಾಗಿ ಹೇಳಿದರು: "ನೀನು ಬೇಗ ಮೈದಾನಕ್ಕೆ ಹೋಗಪ್ಪ. ಮನೆಯವರ ಜೊತೆ ಕೂತು ಪಂದ್ಯ ನೋಡು. ಅಂಗಡಿ ಬೀಗ ನಾನೇ ಹಾಕ್ಕೊಂಡು ಬರ್ತೀನಿ."

ಮಾಲೀಕರು ತಾವಾಗಿ ಅಂಗಡಿಗೆ ಬೀಗ ಹಾಕಿದ್ದನ್ನು ಡಿಸೈನರ್ ಎಂದೂ ನೋಡಿರಲಿಲ್ಲ. ಬೇರೆ ದಿನವಾಗಿದ್ದರೆ ಅನುಮಾನ ಪಡುತ್ತಿದ್ದ. ಆದರೆ ಅವನ ಮನಸ್ಸು ಆಗಲೇ ಮೈದಾನದ ನಡುವೆ ನಿಂತಿತ್ತು. ಹೊಟ್ಟೆಯ ಮಾತು ಬರೆದವನು ತಾನೇ ಎಂದು ಗೊತ್ತಾದರೆ ಕೆಲಸ ಹೋಗುತ್ತದೆ. ಹೋಗಲಿ. ಕೆಲಸ ಇನ್ನೊಂದು ಸಿಗುತ್ತದೆ, ಇಂಥ ಸಂಜೆ ಇನ್ನೊಂದು ಸಿಗುವುದಿಲ್ಲ. ಮೈಕಿನಲ್ಲಿ ಕರೆದ ಕೂಡಲೇ ಎದ್ದು ನಡೆಯುತ್ತೇನೆ ಎಂದು ಗಟ್ಟಿ ಮಾಡಿಕೊಂಡ. ಅವನ ಜೀವನದಲ್ಲಿ ಅಂಥ ಧೈರ್ಯ ಬಂದದ್ದು ಅದೇ ಮೊದಲು.

ಮೈದಾನ ತುಂಬಿ ತುಳುಕುತ್ತಿತ್ತು. ಗೂಳಿ ಕಡೆಯವರು ಬಕೆಟ್ ಬಡಿಯುತ್ತಿದ್ದರು. ಮರಕುಟಿಗರು ಬಕೆಟ್ ತುಂಬುವಷ್ಟು ಗೋಲು ಬಿಟ್ಟುಕೊಟ್ಟರು. ಡಿಸೈನರ್‌ನ ಎಡಕ್ಕೆ ಹೆಂಡತಿ, ಬಲಕ್ಕೆ ಭಾವಮೈದ, ಹಿಂದೆ ತೊಡೆಯ ಮೇಲೆ ಹಿತ್ತಾಳೆ ನಲ್ಲಿ ಇಟ್ಟುಕೊಂಡ ಪ್ಲಂಬರ್. ಹಾಫ್ ಟೈಮಿನ ಸೀಟಿ ಮೊಳಗಿತು. ಕಾರ್ಯದರ್ಶಿ ಮೈಕು ಹಿಡಿದು, "ಒಂಟಿ ಕೊಕ್ಕು ಅವರು ದಯವಿಟ್ಟು..." ಎನ್ನುವಷ್ಟರಲ್ಲಿ ಡಿಸೈನರ್ ಎದ್ದು ನಿಂತ. ಫೋನು ಎತ್ತಿ ಹಿಡಿದು, ದನಿ ಒಡೆಯುವಂತೆ ಕೂಗಿದ:

"ನಾನು! ನಾನೇ ಒಂಟಿ ಕೊಕ್ಕು!"

"ನಾನೂ ಒಂಟಿ ಕೊಕ್ಕು!" ಎಂದು ಭಾವಮೈದ ಎದ್ದ. "ನಾನೂ!" ಎಂದ ಪ್ಲಂಬರ್. ಸಾಲಿಗೆ ಸಾಲೇ ಎದ್ದು ನಿಂತು ಫೋನು ಎತ್ತಿ ಹಿಡಿದು ಕೂಗಿತು. ಇಡೀ ಸ್ಟ್ಯಾಂಡಿನಲ್ಲಿ ಒಂಟಿ ಕೊಕ್ಕಲ್ಲದವನು ಕಡಲೆಕಾಯಿ ಮಾರುವವನೊಬ್ಬನೇ.

"ಅಲ್ಲ, ನಿಜವಾಗಿಯೂ ನಾನೇ! ಇಲ್ನೋಡು, ಹೆಸರು ನೋಡು!" ಎಂದು ಡಿಸೈನರ್ ಫೋನನ್ನು ಭಾವಮೈದನ ಕಣ್ಣಿಗೆ ಒತ್ತಿದ.

"ಭಲೇ ಭಾವ! ನೀವೂ ಹೆಸರು ಬದಲಾಯಿಸಿಬಿಟ್ರಾ? ನಿಮ್ಮನ್ನ ನಾನು ಏನೋ ಅಂದ್ಕೊಂಡಿದ್ದೆ," ಎಂದು ಭಾವಮೈದ ಅವನನ್ನು ತಬ್ಬಿಕೊಂಡ.

ತಬ್ಬಿದ ತೋಳಿನ ಸಂದಿಯಿಂದ ಡಿಸೈನರ್ ನೋಡಿದ. ಮೈದಾನದ ನಡುವೆ ಯಾರೋ ನಡೆದುಹೋಗುತ್ತಿದ್ದರು. ಮೊದಲು ಹೊಟ್ಟೆ, ಆಮೇಲೆ ಮನುಷ್ಯ. ಕೈಯಲ್ಲಿ ಆಳೆತ್ತರದ ಪ್ರಿಂಟು. ಮರದ ಕಾಂಡ ಅವುಚಿಕೊಂಡ ಕೆಂಪು ಜುಟ್ಟಿನ ಹಕ್ಕಿ. ಫೋನಿನಲ್ಲಿ ಹರಿದಾಡಿದ ಸಣ್ಣ ಚಿತ್ರವನ್ನು ಹಿಗ್ಗಿಸಿದರೆ ಅಷ್ಟು ಸ್ಪಷ್ಟ ಬರುವುದಿಲ್ಲ. ಅಂಗಡಿಯ ಕಂಪ್ಯೂಟರಿನ ಮೂಲೆಯಿಂದ ತೆಗೆದರೆ ಮಾತ್ರ ಬರುತ್ತದೆ.

"ಬಂಧುಗಳೇ," ಎಂದರು ಮಾಲೀಕರು ಮೈಕಿನಲ್ಲಿ, ಗದ್ಗದ ದನಿಯಲ್ಲಿ. "ಇನ್ನು ಮುಚ್ಚಿಡೋಕಾಗಲ್ಲ. ನಾನೇ ಒಂಟಿ ಕೊಕ್ಕು. ಮೂಲ ಚಿತ್ರ ನನ್ನ ಕೈಲಿದೆ, ನೋಡಿ. ಆ ನಲ್ಲಿ ಲೋಗೋ ನಮ್ಮ ಅಂಗಡೀದೇ. ಬರೆದ ಹುಡುಗನ ಮನಸ್ಸು ನೋಯಿಸಬಾರದು ಅಂತ ಬೇರೆ ಹೆಸರಲ್ಲಿ ತಿದ್ದೋಕೆ ನೋಡಿದೆ. ನನ್ನ ಹೊಟ್ಟೆಯನ್ನೂ ನಾನೇ ಗೇಲಿ ಮಾಡ್ಕೊಂಡೆ!"

ಇಷ್ಟು ದೊಡ್ಡ ಮನಸ್ಸಿನ ಮನುಷ್ಯನನ್ನು ಊರು ಕಂಡಿರಲಿಲ್ಲ. ಚಪ್ಪಾಳೆ ನಿಲ್ಲಲೇ ಇಲ್ಲ. ಗೂಳಿಯವರು ಕೂಡ ಬಕೆಟ್ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಹೆಂಡತಿ ಕಣ್ಣೊರೆಸಿಕೊಂಡು, "ನಿಮ್ಮ ಮಾಲೀಕರು ದೇವರಂಥೋರು ಕಣ್ರೀ," ಎಂದಳು. "ನೀವು ಮನೇಲಿ ಅವರ ಬಗ್ಗೆ ಏನೇನೋ ಹೇಳ್ತೀರಿ."

"ನಲ್ಲಿ ಬರೆದ ಹುಡುಗನ ಮೇಲೆ ಯಾರೂ ಕೋಪ ಮಾಡ್ಕೋಬೇಡಿ," ಎಂದು ಮಾಲೀಕರು ಮುಂದುವರಿಸಿದರು. "ಅವನ ಹೆಸರು ಕೂಗಿಸ್ತೀನಿ ಅಂತ ಮಾತು ಕೊಟ್ಟಿದೀನಿ. ಕೊಟ್ಟ ಮಾತು ತಪ್ಪೋನಲ್ಲ ನಾನು." ಹೀಗೆಂದು ಡಿಸೈನರ್‌ನ ಹೆಸರು ಹೇಳಿದರು. ಇನಿಷಿಯಲ್ ಸಮೇತ ಹೇಳಿದರು. ಮೈಕು ನಡುವೆ ಕೊಂಯ್ ಎಂದದ್ದರಿಂದ ಇನ್ನೊಂದು ಸಲ, ಬಿಡಿಸಿ ಬಿಡಿಸಿ ಹೇಳಿದರು.

ಹೆಸರು ಎದುರಿನ ಸ್ಟ್ಯಾಂಡಿಗೆ ಬಡಿದು ವಾಪಸು ಬಂತು. ಎಷ್ಟೋ ವರ್ಷ ಕಾದಿದ್ದ ಆ ಸದ್ದು ಕೇಳಿ ಡಿಸೈನರ್‌ಗೆ ಮೈ ಜುಮ್ಮೆಂದದ್ದು ಮಾತ್ರ ನಿಜ. ಅದರ ಹಿಂದೆಯೇ, ತನ್ನನ್ನು ತಬ್ಬಿದ್ದ ಭಾವಮೈದನ ತೋಳು ನಿಧಾನವಾಗಿ ಸಡಿಲವಾದದ್ದೂ ಗೊತ್ತಾಯಿತು.

ಪಂದ್ಯ ಮುಗಿದ ಮೇಲೆ ಗೇಟಿನ ಹೊರಗಿನ ಮೆಟ್ಟಿಲ ಮೇಲೆ ಅವನನ್ನು ಕೂರಿಸಿದರು. ಹೊಡೆಯಲಿಲ್ಲ, ಬಯ್ಯಲಿಲ್ಲ, ಮಾಲೀಕರೇ ಕ್ಷಮಿಸಿದ್ದಾರಲ್ಲ. ಸಾಲಾಗಿ ಬಂದು ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಂಡರು. ನಡುವೆ ಒಬ್ಬ ತನ್ನ ಮನೆಯ ಪೈಪಿನ ತೊಂದರೆ ಹೇಳಿಕೊಂಡ. ಪ್ಲಂಬರ್ ಮೊಳೆ, ಸುತ್ತಿಗೆ ತೆಗೆದು ಹಿತ್ತಾಳೆ ನಲ್ಲಿಯ ಮೇಲೆ ಹೆಸರು ಕೆತ್ತಲು ಶುರುಮಾಡಿದ. ಮೊದಲನೆಯ ಅಕ್ಷರವೇ ಸೊಟ್ಟಗಾಯಿತು.

ಡಿಸೈನರ್ ಸ್ವಲ್ಪ ಹೊತ್ತು ನೋಡಿದ. ಅವನಿಂದ ತಡೆಯಲಾಗಲಿಲ್ಲ.

"ಇಲ್ಲಿ ಕೊಡಪ್ಪ. ಅಕ್ಷರ ಹಾಗೆ ಒತ್ತೊತ್ತಾಗಿ ಹಾಕಬಾರದು," ಎಂದು ಸುತ್ತಿಗೆ ಇಸಿದುಕೊಂಡ. ಮೊಣಕಾಲ ಮೇಲೆ ನಲ್ಲಿ ಇಟ್ಟುಕೊಂಡು, ಗೇಟಿನ ದೀಪದ ಬೆಳಕಿನಲ್ಲಿ, ತನ್ನ ಹೆಸರನ್ನು ತಾನೇ ಒಂದೊಂದೇ ಅಕ್ಷರವಾಗಿ ಕೆತ್ತಿದ. ಸಮನಾದ ಸಾಲು, ದುಂಡಗಿನ ತಿರುವು, ಸುತ್ತ ಧಾರಾಳವಾಗಿ ಖಾಲಿ ಜಾಗ. ಅವನ ಕೈಯಿಂದ ಇಷ್ಟು ಚಂದದ ಅಕ್ಷರ ಬಂದಿರಲಿಲ್ಲ.

ಆಗ ಬೆನ್ನಿಗೆ ಮೆತ್ತಗೆ ಏನೋ ತಾಗಿತು. ಒಂದು ಬೆರಳು ಭುಜದ ಮೇಲಿಂದ ಇಳಿದುಬಂದು ಹಿತ್ತಾಳೆಯ ಮೇಲೆ ಕೂತಿತು.

"ಚೆನ್ನಾಗಿದೆ ಕಣಯ್ಯ. ಒಂದೇ ಒಂದು ಸಣ್ಣ ಬದಲಾವಣೆ," ಎಂದರು ಮಾಲೀಕರು. "ಕೆಳಗಡೆ ಖಾಲಿ ಇದೆಯಲ್ಲ, ಅಲ್ಲಿ ನಮ್ಮ ಅಂಗಡಿ ಫೋನ್ ನಂಬರ್ ಹಾಕಿಬಿಡು."